ಅಗ್ನಿಶಿಖೆಯ ಗೆಡ್ಡೆ ಅಗೆಯಬೇಡಿ

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿದರೆ ಸಂಡೂರಿನ ಗುಡ್ಡದ ಪೊದೆಗಳಲ್ಲಿ ಅಗ್ನಿಶಿಖೆ ಅರಳುತ್ತದೆ. ಕರಾವಳಿ, ಮಲೆನಾಡಿನವರಿಗೆ ಇದು ಗೌರಿ ಹೂ. ಮೊದಲು ಹಸಿರು ಮಿಶ್ರಿತ ಹಳದಿ ಇದ್ದ ಎಸಳು ದಿನ ಕಳೆದಂತೆ ಹಿಂದಕ್ಕೆ ಬಾಗಿ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ನೋಡುತ್ತ ನಿಂತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಈಗ ಚೆಂದ ಕಂಡವರು ಗೆಡ್ಡೆ ಸಮೇತ ಅಗೆದು ಕುಂಡಕ್ಕೆ ಹಾಕುತ್ತಿದ್ದಾರೆ. ಔಷಧಿ ವ್ಯಾಪಾರಕ್ಕೆ ಅಗೆಯುವವರು ಬೇರೆ. ಗೆಡ್ಡೆಯೇ ಹೋದರೆ ಮುಂದಿನ ಮಳೆಗೆ ಬಳ್ಳಿ ಎಲ್ಲಿಂದ ಬರಬೇಕು? ಬೆಳೆಸುವ ಆಸೆಯಿದ್ದವರು ಬಿರಿದ ಕಾಯಿಯಿಂದ ನಾಲ್ಕು ಕೆಂಪು ಬೀಜ ತಂದರೆ ಸಾಕು. ಹೂ ಕಾಣಲು ವರ್ಷಗಳೇ ಬೇಕು, ಕಾಯಬೇಕು. ನೀರು ನಿಲ್ಲದ ಮಣ್ಣು, ಹಬ್ಬಲು ಒಂದು ಬೇಲಿ ಇರಲಿ. ಮಳೆಗಾಲ ಮುಗಿದು ಬಳ್ಳಿ ಒಣಗಿದಾಗ ಸತ್ತಿತೆಂದು ಕಿತ್ತೆಸೆಯಬೇಡಿ, ನೀರೂ ಹಾಕಬೇಡಿ. ಗೆಡ್ಡೆ ಮಣ್ಣೊಳಗೆ ಜೀವಂತ ಇರುತ್ತದೆ. ಗೆಡ್ಡೆ, ಬೀಜಗಳಲ್ಲಿ ಕಾಲ್ಚಿಸಿನ್ ಎಂಬ ಕಡುವಿಷವಿದೆ. ಮಕ್ಕಳು, ದನಕರುಗಳು ಓಡಾಡುವ ಕಡೆ ಖಂಡಿತ ಬೇಡ.

ಅರಣ್ಯ ಇಲಾಖೆಯ ನರ್ಸರಿಗಳು ಬೀಜದಿಂದಲೇ ಸಸಿ ಮಾಡಿ, ಈ ಎಚ್ಚರಿಕೆಯ ಚೀಟಿ ಅಂಟಿಸಿ ಮಾರಲಿ. ಬಳ್ಳಾರಿಯ ಉದ್ಯಾನಗಳಲ್ಲಿ ಕ್ರೋಟನ್‌ಗೆ ಸಿಗುವ ಜಾಗದಲ್ಲಿ ಒಂದು ಪಾಲು ಇದಕ್ಕೂ ಸಿಗಬೇಕು.

– ನಿವೃತ್ತ ಶಿಕ್ಷಕಿ, ಸಂಡೂರು