ಅಕ್ಕನಿಗೆ, ನಿಮ್ಮ ಶಾಲೆಯ ಆಟದ ಹಾಲ್ ಬಗ್ಗೆ

ಕೋಪನ್‌ಹೇಗನ್
ನವೆಂಬರ್

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ನಾವಿಲ್ಲಿ ಎಲ್ಲ ಕ್ಷೇಮ. ಅಪ್ಪನ ಮಂಡಿನೋವು ಕಡಿಮೆಯಾಗಿದೆ ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ಸಮಾಧಾನ ಆಯಿತು.

ನಿಮ್ಮ ಶಾಲೆಗೆ ಹಳೇ ವಿದ್ಯಾರ್ಥಿಗಳು ಸೇರಿ ಆಟದ ಹಾಲ್ ಕಟ್ಟಿಸಿಕೊಡುತ್ತಿರುವುದು ಕೇಳಿ ತುಂಬಾ ಖುಷಿಯಾಯಿತು. ನೀನು ಕಳಿಸಿದ ನಕ್ಷೆಯನ್ನು ಕೂತು ನೋಡಿದೆ. 60 ಅಡಿ ಉದ್ದ, 40 ಅಡಿ ಅಗಲ, ನಟ್ಟನಡುವೆ ಶಟಲ್ ಕೋರ್ಟು, ಮೇಲೆ ತಗಡಿನ ಶೀಟು. ಮಲೆನಾಡಲ್ಲಿ ಮಳೆ ಹಿಡಿದರೆ ಮೈದಾನ ಕೆಸರುಗದ್ದೆ. ಪಿ.ಟಿ. ಪೀರಿಯಡ್ಡಿಗೆ ಗಣಿತದ ಮೇಷ್ಟ್ರು ಬಂದು ಲೆಕ್ಕ ಮಾಡಿಸುತ್ತಾರೆ. ಸೂರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ನಕ್ಷೆ ಹೀಗೇ ಕಟ್ಟಿದರೆ ಏನಾಗುತ್ತದೆ ಅಂತ ನನಗೆ ಈಗಲೇ ಕಾಣುತ್ತಿದೆ. ಚೆನ್ನಾಗಿ ಆಡುವ ನಾಲ್ಕಾರು ಹುಡುಗರು ಕೋರ್ಟು ಹಿಡಿಯುತ್ತಾರೆ. ಮಿಕ್ಕವರು, ಅದರಲ್ಲೂ ಹುಡುಗಿಯರು, ಗೋಡೆಗೆ ಒರಗಿ ನಿಂತು ನೋಡುತ್ತಾರೆ. ನಮ್ಮ ಕಾಲದಲ್ಲೂ ಹಾಗೇ ಇತ್ತು, ಅಲ್ವಾ? ಆಡುವವರನ್ನು ಎಲ್ಲಿ ಬಿಟ್ಟರೂ ಆಡುತ್ತಾರೆ ಅಕ್ಕ. ಹಾಲ್ ಕಟ್ಟಬೇಕಾದ್ದು ಗೋಡೆಗೆ ಒರಗಿದವರಿಗಾಗಿ.

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಓಡಾಡಬೇಕು ಅನ್ನುತ್ತದೆ. 2016ರ ಲೆಕ್ಕದ ಪ್ರಕಾರ ಜಗತ್ತಿನಲ್ಲಿ 11ರಿಂದ 17ರ ವಯಸ್ಸಿನ 100 ಮಕ್ಕಳಲ್ಲಿ 81 ಮಂದಿಗೆ ಅಷ್ಟು ಚಟುವಟಿಕೆ ಇರಲಿಲ್ಲ. ಹುಡುಗಿಯರಲ್ಲಿ 85. ಇಷ್ಟು ಮಂದಿ ಹೊರಗುಳಿದರೆ ಅದನ್ನು ಮಕ್ಕಳ ಸೋಮಾರಿತನ ಅಂತ ನಾನು ಒಪ್ಪುವುದಿಲ್ಲ.

ಇಲ್ಲಿ ಡೆನ್ಮಾರ್ಕಿನವರಿಗೆ ಈ ವಿಷಯದಲ್ಲಿ ಹಳೇ ಕಾಳಜಿ ಇದೆ. 1814ರ ಶಾಲಾ ಕಾಯಿದೆಯಲ್ಲೇ ವ್ಯಾಯಾಮ ಪಾಠವಾಗಿ ಸೇರಿತ್ತು. 2014ರ ಸುಧಾರಣೆಯಲ್ಲಿ ದಿನಕ್ಕೆ ಸರಾಸರಿ 45 ನಿಮಿಷ ಮಕ್ಕಳು ಮೈ ಅಲುಗಿಸಬೇಕು ಅಂತ ತಂದರು. ಸಂಜೆಯಾದರೆ ಶಾಲೆಯ ಹಾಲ್‌ಗಳು ಊರಿನ ಕ್ಲಬ್‌ಗಳಿಗೆ ತೆರೆದಿರುತ್ತವೆ. ನಾವು ಶಟಲ್ ಆಡಲು ಹೋಗುವುದೂ ಅಂಥದೇ ಒಂದು ಹಾಲ್‌ಗೆ.

ಹೋದ ವಾರ ಸ್ವಲ್ಪ ಬೇಗ ಹೋಗಿದ್ದೆ. ಮಕ್ಕಳ ಕ್ಲಾಸ್ ಇನ್ನೂ ಮುಗಿದಿರಲಿಲ್ಲ. ಮಧ್ಯದಲ್ಲಿ ಹ್ಯಾಂಡ್‌ಬಾಲ್ ಜೋರಾಗಿ ನಡೆದಿತ್ತು. ಪಕ್ಕದ ಗೋಡೆಗೆ ಪೂರ್ತಿ ಮರದ ಅಡ್ಡಪಟ್ಟಿಗಳ ಏಣಿ ಇದೆ. ಇಲ್ಲಿನ ಹಳೇ ಹಾಲ್‌ಗಳಲ್ಲಿ ಇದು ಸಾಮಾನ್ಯ. ಒಬ್ಬಳು ಹುಡುಗಿ, ಹನ್ನೆರಡು ವರ್ಷ ಇರಬಹುದು, ಮೊದಲು ಅದಕ್ಕೆ ಬೆನ್ನು ಕೊಟ್ಟು ಸುಮ್ನೆ ನಿಂತಿದ್ದಳು. ಆಮೇಲೆ ತಿರುಗಿ ಎರಡು ಮೆಟ್ಟಿಲು ಹತ್ತಿದಳು. ಕೈ ಮೇಲೆ ಮಾಡಿ ನೇತಾಡಿದಳು. ಗೆಳತಿಯೊಬ್ಬಳು ಬಂದಳು. ಯಾರು ಜಾಸ್ತಿ ಹೊತ್ತು ನೇತಾಡುತ್ತಾರೆ ಅಂತ ಪಂದ್ಯ ಕಟ್ಟಿದರು. ಇಬ್ಬರ ಮುಖವೂ ಕೆಂಪಾಗಿತ್ತು. ಅವರನ್ನು ಯಾರೂ ಕರೆದಿರಲಿಲ್ಲ, ಯಾರೂ ಗದರಿರಲಿಲ್ಲ. ಒರಗಿದ ಗೋಡೆಯೇ ಹತ್ತುವ ಹಾಗಿತ್ತು, ಅಷ್ಟೇ.

ವಿಯೆನ್ನಾ ನಗರದವರು ಇದೇ ವಿಷಯವನ್ನು ಪಾರ್ಕುಗಳಲ್ಲಿ ಗಮನಿಸಿದ್ದರು. ಒಂಬತ್ತು ವರ್ಷ ದಾಟುತ್ತಿದ್ದಂತೆ ಹುಡುಗಿಯರು ಪಾರ್ಕಿಗೆ ಬರುವುದು ಕಡಿಮೆಯಾಗುತ್ತಿತ್ತು. ಹುಡುಗರು ಚೆಂಡು ಹಿಡಿದು ಇಡೀ ಜಾಗ ಆಕ್ರಮಿಸಿದರೆ ಜಗಳಕ್ಕೆ ನಿಲ್ಲದೆ ಇವರೇ ಎದ್ದು ಹೋಗುತ್ತಿದ್ದರು. 1999ರಲ್ಲಿ ಎರಡು ಪಾರ್ಕುಗಳನ್ನು ಹೊಸದಾಗಿ ಮಾಡಿದಾಗ ದೊಡ್ಡ ಬಯಲನ್ನು ಸಣ್ಣ ಸಣ್ಣ ಜಾಗಗಳಾಗಿ ಒಡೆದರು, ವಾಲಿಬಾಲ್, ಬ್ಯಾಡ್ಮಿಂಟನ್‌ಗೂ ಎಡೆ ಮಾಡಿದರು. ಹುಡುಗಿಯರು ಮತ್ತೆ ಬಂದರು. ಗೋಡೆಯೊಳಗಿನ ಹಾಲ್‌ಗೂ ಇದು ಹೊಂದುತ್ತದೆ ಅಂತ ನನ್ನ ನಂಬಿಕೆ.

ಇಲ್ಲೇ ಹತ್ತಿರ ಹೆಲ್ಲೆರಪ್‌ನಲ್ಲಿ ಒಂದು ಶಾಲೆ ಇದೆ. ಅಲ್ಲೇ ಓದಿದ್ದ ವಾಸ್ತುಶಿಲ್ಪಿ ಬ್ಯಾರ್ಕೆ ಇಂಗೆಲ್ಸ್ ಅವರ ಸಂಸ್ಥೆ ಅದಕ್ಕೆ ಆಟದ ಹಾಲ್ ಕಟ್ಟಿ 2013ರಲ್ಲಿ ಮುಗಿಸಿತು. ಹಾಲನ್ನು ಶಾಲೆಯ ಹೊರಗೆಲ್ಲೋ ಹಾಕದೆ ಅಂಗಳದ ಮಧ್ಯೆಯೇ 5 ಮೀಟರ್ ಆಳಕ್ಕೆ ಇಳಿಸಿದ್ದಾರೆ. ಮೇಲಿನ ಮರದ ಚಾವಣಿ ಆಮೆಯ ಬೆನ್ನಿನಂತೆ ಉಬ್ಬಿದೆ. ಎಸೆದ ಹ್ಯಾಂಡ್‌ಬಾಲ್ ಗಾಳಿಯಲ್ಲಿ ಸಾಗುವ ದಾರಿಯನ್ನೇ ಆ ಉಬ್ಬಿಗೆ ಅಳತೆಯಾಗಿ ತೆಗೆದುಕೊಂಡರು. ಕೆಳಗೆ ಆಟ. ಮೇಲೆ ಅದೇ ಚಾವಣಿ ಮಕ್ಕಳು ಹತ್ತಿ ಕೂರುವ ಗುಡ್ಡ. ಚಾವಣಿಯ ಅಂಚು ಉದ್ದಕ್ಕೂ ಬೆಂಚು, ಅದರ ಸಣ್ಣ ಕಿಟಕಿಗಳಿಂದ ಬೆಳಕು ಕೆಳಗಿಳಿಯುತ್ತದೆ. ನಮ್ಮ ಮಳೆಗೆ ನೆಲ ಅಗೆದರೆ ಕೆರೆಯಾಗುತ್ತದೆ, ಆ ಮಾತು ಬಿಡು. ನಾವು ತೆಗೆದುಕೊಳ್ಳಬೇಕಾದ್ದು ಜಾಗದ ಆಯ್ಕೆ. ನಿಮ್ಮ ನಕ್ಷೆಯಲ್ಲಿ ಹಾಲ್ ಹಿಂದಿನ ಕಾಂಪೌಂಡಿನ ಹತ್ತಿರ ಇದೆ. ಅಲ್ಲಿಗೆ ಬೇಕು ಅಂತಲೇ ಹೋಗುವವರು ಮಾತ್ರ ಹೋಗುತ್ತಾರೆ. ಬಿಸಿಯೂಟದ ಜಗಲಿಯ ಪಕ್ಕ ಖಾಲಿ ಜಾಗ ಇದೆಯಲ್ಲ, ಅಲ್ಲಿ ಹಾಕಿದರೆ ದಿನಾ ಎಲ್ಲ ಮಕ್ಕಳೂ ಅದರ ಮುಂದೆ ಹಾದುಹೋಗುತ್ತಾರೆ.

ಈಗ ಕೋರ್ಟಿನ ವಿಷಯ. ಶಟಲ್ ಕೋರ್ಟಿಗೆ ಬೇಕಾದ್ದು 44 ಅಡಿ ಉದ್ದ, 20 ಅಡಿ ಅಗಲ. ಅದನ್ನು ನಡುವೆ ಹಾಕಿದರೆ ಎರಡೂ ಬದಿಗೆ ಹತ್ತು ಹತ್ತು ಅಡಿ ಉಳಿಯುತ್ತದೆ, ಅದು ನಿಂತು ನೋಡುವ ಜಾಗವಾಗಿಬಿಡುತ್ತದೆ. ಕೋರ್ಟನ್ನು ಒಂದು ಬದಿಗೆ ಸರಿಸಿ ಅಲ್ಲಿ 5 ಅಡಿ ಬಿಡಿ. ಇನ್ನೊಂದು ಬದಿಗೆ 15 ಅಡಿಯ ಪಟ್ಟಿ ಸಿಗುತ್ತದೆ. ಆ ಗೋಡೆಗೆ ಮರದ ಏಣಿ, ಕೆಳಗೆ ಚಾಪೆ, ಹಗ್ಗದಾಟ, ಲಗೋರಿ, ಕುಂಟಾಬಿಲ್ಲೆ ಗೆರೆ. ನಡುವೆ ಒಂದು ಬಲೆ ಪರದೆ ಇಳಿಬಿಟ್ಟರೆ ಚೆಂಡು ಈ ಕಡೆ ಬರುವುದಿಲ್ಲ. ಈ ಪಟ್ಟಿಗೆ ಅದರದೇ ಬಾಗಿಲು ಇರಲಿ. ಆಟದ ನಡುವೆ ಎಲ್ಲರ ಕಣ್ಣೆದುರು ಹಾದು ಬರುವುದಕ್ಕೇ ಎಷ್ಟೋ ಹುಡುಗಿಯರು ಹಿಂಜರಿಯುತ್ತಾರೆ.

ತಗಡಿನ ಶೀಟು ಬೇಡವೇ ಬೇಡ. ಮಳೆ ಹೊಡೆದರೆ ಪಿ.ಟಿ. ಮೇಷ್ಟ್ರ ಸೀಟಿಯೂ ಕೇಳಿಸುವುದಿಲ್ಲ. ನಡುವೆ ಫೋಮ್ ತುಂಬಿದ ಪಫ್ ಶೀಟಿಗೆ ದುಡ್ಡು ಜಾಸ್ತಿ, ಆದರೂ ಅದನ್ನೇ ಹಾಕಿಸಿ. ನೆಲಕ್ಕೆ ನುಣುಪು ಕಲ್ಲು ಬೇಡ, ಒದ್ದೆಯಾದರೆ ಜಾರುತ್ತದೆ. ಕಾಂಕ್ರೀಟಿನ ಕೆಳಗೆ ತೇವ ತಡೆಯುವ ಹಾಳೆ, ಮೇಲೆ ರಬ್ಬರ್ ಮ್ಯಾಟ್. ಕಿಟಕಿ ಉತ್ತರಕ್ಕೆ, ಎತ್ತರದಲ್ಲಿ. ಹುಡುಗಿಯರಿಗೆ ಚಿಲಕ ಸರಿಯಾಗಿರುವ, ನೀರು ಬರುವ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಹಾಲ್‌ಗೆ ಅಂಟಿಕೊಂಡೇ ಇರಲಿ. ದುಡ್ಡು ಸಾಲದಿದ್ದರೆ ವೇದಿಕೆ ಬಿಡಿ, ಇದನ್ನು ಬಿಡಬೇಡಿ. ಮತ್ತೆ ಚೆಂಡು, ಹಗ್ಗ ಎಲ್ಲ ಕೈಗೆಟಕುವ ಕಪಾಟಿನಲ್ಲಿರಲಿ. ಹೆಡ್‌ಮಾಸ್ಟರ ಬೀರುವಿನಲ್ಲಿ ಬೀಗ ಹಾಕಿಟ್ಟ ಚೆಂಡಿನಿಂದ ಯಾರಿಗೆ ಏನು ಪ್ರಯೋಜನ?

ಹಾಲ್‌ನಲ್ಲಿ ಮದುವೆ, ಸಭೆ ಮಾಡಿಕೊಳ್ಳಲು ಊರವರು ಕೇಳುತ್ತಾರೆ ಅಂತ ನೀನು ಬರೆದಿದ್ದೆ. ಕೊಡಿ, ಆದರೆ ಶಾಲೆ ಇಲ್ಲದ ದಿನ ಮಾತ್ರ. ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ. ಅವತ್ತು ಮದುವೆ ಇಲ್ಲ ಅಂದರೆ ಆಟ. ಅಲ್ಲಿಂದ ಹೊರಟವರು 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪಂದ್ಯಾವಳಿ ಗೆದ್ದರು, ಆಮೇಲೆ ಇದೇ ಡೆನ್ಮಾರ್ಕಿಗೆ ಬಂದು ಇದ್ದು ಆಡಿದರು. ನಿಮ್ಮ ಮಕ್ಕಳು ಮಾತ್ರ ಮದುವೆ ಇಲ್ಲದ ದಿನಕ್ಕೆ ಕಾಯುವಂತಾಗಬಾರದು.

ಸಮಿತಿಯ ಮೀಟಿಂಗಿಗೆ ಮುಂಚೆ ಒಂಬತ್ತನೇ ಕ್ಲಾಸಿನ ಹುಡುಗಿಯರನ್ನು ಕೂರಿಸಿಕೊಂಡು ಕೇಳು. ಮೇಷ್ಟ್ರುಗಳು ಯಾರೂ ಇಲ್ಲದಾಗ ಕೇಳು. ಅವರು ಹೇಳಿದ್ದನ್ನು ನನಗೆ ಬರೆದು ಕಳಿಸು. ನಕ್ಷೆಯನ್ನು ತಿದ್ದಿ, ಎಂಜಿನಿಯರ್‌ಗೆ ಅರ್ಥವಾಗುವ ಹಾಗೆ ಅಳತೆ ಹಾಕಿ ಕಳಿಸುತ್ತೇನೆ. ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಮುತ್ತು. ಅಪ್ಪ ಅಮ್ಮನಿಗೆ ಈ ಪತ್ರ ಓದಿ ಹೇಳು.

ನಿನ್ನ ಪ್ರೀತಿಯ ತಂಗಿ