ಯಾಬೇಚನ ಎರಡು ವಚನ

ಪ್ರೀತಿಯ ಮಗಳಿಗೆ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ, ಬೈಬಲಿನ ಯಾಬೇಚನ ಪ್ರಾರ್ಥನೆ ನೋಡಿದೆ. 21 ದಿನ ಎದ್ದ ಕೂಡಲೇ ಹೇಳಬೇಕು, 11 ಜನಕ್ಕೆ ಕಳಿಸಬೇಕು, ಆಗ ಕೆಲಸ, ಸೈಟು, ಮದುವೆ ಎಲ್ಲ ಕೈಗೂಡುತ್ತದಂತೆ. ನಿಮ್ಮವ್ವ ಆಗಲೇ ಕಳಿಸಿಬಿಟ್ಟಿದ್ದಾಳೆ. ನಾನು ಕಳಿಸಿಲ್ಲ. ಯಾಕೆ ಅಂತ ಫೋನಿನಲ್ಲಿ ಹೇಳಿದರೆ ಸುಮ್ನೆ ವಾದ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವನ ಮಾತು ಬರುವ ಬೈಬಲಿನ ಒಂದನೇ ಪೂರ್ವಕಾಲವೃತ್ತಾಂತ ಪುಸ್ತಕದ 4ನೇ ಅಧ್ಯಾಯ ಪೂರ್ತಿ ಓದು. ಬೋರ್ ಆಗುತ್ತದೆ, ಗೊತ್ತು. ಆ ಪುಸ್ತಕದ ಮೊದಲ 9 ಅಧ್ಯಾಯ ಹೆಚ್ಚುಕಡಿಮೆ ವಂಶಾವಳಿಯೇ. 1810ರಲ್ಲಿ ನಮ್ಮ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದದ್ದು ಆ ವಂಶಾವಳಿ ಸಮೇತ. 1831ರಲ್ಲಿ ಪೂರ್ತಿ ಅಚ್ಚಾಯಿತು. ಆ ಹೆಸರುಗಳ ಸಂತೆಯಲ್ಲಿ ಯಾಬೇಚ ಎರಡೇ ವಚನ ಬಂದು ಹೋಗುತ್ತಾನೆ. ಮುಂದೆ 21ನೇ ವಚನದಲ್ಲಿ ನಾರುಬಟ್ಟೆ ನೇಯುವ ಮನೆತನ, 23ರಲ್ಲಿ ಅರಸನ ಕೆಲಸದ ಕುಂಬಾರರು. ಜೀನ್ಸ್ ಹೊಲಿದು ಹೊಲಿದು ಬೆರಳೆಲ್ಲ ನೀಲಿಯಾದ ನನಗೆ ಆ ನೇಕಾರರೇ ಹತ್ತಿರ ಅನ್ನಿಸುತ್ತಾರೆ. ಪಾಪ, ಅವರ ವಚನ ಹಾಕಿ ಯಾರೂ ಕ್ಯಾಲೆಂಡರ್ ಮಾಡಲ್ಲ.

ಯಾಬೇಚ ಏನು ಕೇಳಿದ? ಆಶೀರ್ವದಿಸು, ನನ್ನ ಗಡಿ ದೊಡ್ಡದು ಮಾಡು, ನಿನ್ನ ಕೈ ನನ್ನ ಜೊತೆ ಇರಲಿ, ಕೇಡು ತಟ್ಟಿ ನೋವಾಗದಂತೆ ಕಾಪಾಡು. ದೇವರು ಕೊಟ್ಟರು. ಅಷ್ಟೇ ಇರೋದು. ಎಷ್ಟು ಸಲ ಕೇಳಿದ ಅಂತ ಇಲ್ಲ. ಇದನ್ನೇ ಹೇಳಿದವರಿಗೆಲ್ಲ ಸಿಗುತ್ತದೆ ಅಂತಲೂ ಇಲ್ಲ. ನಿನ್ನ ಮೆಸೇಜಿನಲ್ಲಿ 9ನೇ ವಚನವನ್ನೇ ಬಿಟ್ಟಿದ್ದಾರೆ. ನೋವು ತಿಂದು ಹೆತ್ತೆ ಅಂತ ತಾಯಿ ಹೆಸರಿಟ್ಟ ಮಗ ಅವನು. ಹುಟ್ಟಿದಾಗಿನಿಂದ ಆ ನೋವು ಹೊತ್ತವನ ಮೊರೆ ಅದು. ತಾಯಿಯನ್ನು ತೆಗೆದುಬಿಟ್ಟರೆ ಉಳಿಯೋದು ಸೈಟಿನ ಅರ್ಜಿ.

2000ರಲ್ಲಿ ಅಮೆರಿಕದ ಬ್ರೂಸ್ ವಿಲ್ಕಿನ್ಸನ್ ಎಂಬ ಬೋಧಕರು ಇದರ ಮೇಲೆ ಸಣ್ಣ ಪುಸ್ತಕ ಬರೆದರು. ಲಕ್ಷಗಟ್ಟಲೆ ಮಾರಾಟವಾಯಿತು. ದಿನಾ ಹೇಳುವ ರೂಢಿ ಜೋರಾದದ್ದು ಆಮೇಲೆ.

ಗಡಿ ಅಂದರೆ ಬಳ್ಳಾರಿಯವರಿಗೆ ಬೇರೆಯೇ ನೆನಪಾಗಬೇಕು ಯವ್ವಾ. ನೀನಾಗ ಚಿಕ್ಕವಳು. ಅದಿರಿನ ಲಾರಿಗಳ ಕೆಂಪು ಧೂಳು ಹೊಲಿದಿಟ್ಟ ಪ್ಯಾಂಟುಗಳ ಮೇಲೂ ಕೂರುತ್ತಿತ್ತು. ಗುತ್ತಿಗೆಯ ಗಡಿ ದಾಟಿ ಅಗೆದರು. ಕರ್ನಾಟಕ ಎಲ್ಲಿ ಮುಗಿಯುತ್ತದೆ, ಆಂಧ್ರ ಎಲ್ಲಿ ಶುರುವಾಗುತ್ತದೆ ಅನ್ನೋದೇ ಜಗಳವಾಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಇಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅಲ್ಲಿವರೆಗೂ ದಿಢೀರ್ ಅಂತ ಬಂಗಲೆ ಕಟ್ಟಿದವರನ್ನು ಜನ ಆಶೀರ್ವಾದ ಪಡೆದವರು ಅಂತಲೇ ಅಂದುಕೊಂಡಿದ್ದರು. ನೆರೆಯವನ ಗಡಿಕಲ್ಲು ಸರಿಸಬೇಡ ಅಂತ ಬೈಬಲಿನ ಧರ್ಮೋಪದೇಶಕಾಂಡದಲ್ಲೂ ಇದೆ. ಅದು ಮಾತ್ರ ಫಾರ್ವರ್ಡ್ ಆಗಿ ಬಂದದ್ದಿಲ್ಲ!

ಯೇಸುವಿನ ಅಪೊಸ್ತಲ ಪೌಲ ತನ್ನ ಮೈಯಲ್ಲಿ ಮುಳ್ಳಿನಂತೆ ನಾಟಿದ್ದ ಬಾಧೆ ತೆಗೆ ಅಂತ ದೇವರನ್ನು ಮೂರು ಸಲ ಬೇಡಿದ. ಹೋಗಲಿಲ್ಲ. ಅವನಿಗೆ ಸರಿಯಾದ ಮಂತ್ರ ಗೊತ್ತಿರಲಿಲ್ಲ ಅನ್ನೋಣವಾ?

ಚಿಕ್ಕ ಪ್ರಾರ್ಥನೆಯೇ ಬೇಕಂದರೆ ಬೈಬಲಿನ ಜ್ಞಾನೋಕ್ತಿ ಪುಸ್ತಕದ 30ನೇ ಅಧ್ಯಾಯದಲ್ಲಿ ಆಗೂರ ಅನ್ನುವವನದು ಇದೆ. ಬಡತನವೂ ಬೇಡ, ಐಶ್ವರ್ಯವೂ ಬೇಡ, ನನಗೆ ಸಾಕಾಗುವಷ್ಟು ಅನ್ನ ಕೊಡು ಅಂತಾನೆ. ಹೊಟ್ಟೆ ತುಂಬಿದರೆ ದೇವರನ್ನೇ ಮರೆತೇನು, ಇಲ್ಲದಿದ್ದರೆ ಕದ್ದೇನು ಅನ್ನೋ ಭಯ ಅವನಿಗೆ. ತನ್ನ ಬುದ್ಧಿ ತನಗೆ ಗೊತ್ತಿದ್ದ ಮನುಷ್ಯ.

ಶುಕ್ರವಾರದ ಇಂಟರ್ವ್ಯೂಗೆ ಪ್ರಾರ್ಥನೆ ಮಾಡು. ಯಾಬೇಚನ ಮಾತಿನಲ್ಲೇ ಮಾಡಿದರೂ ನನ್ನ ತಕರಾರಿಲ್ಲ. ನಾನು ನಿನಗೋಸ್ಕರ ಕೇಳೋದು ಆಗೂರನ ಲೆಕ್ಕದಲ್ಲಿ: ಪಿಜಿ ಬಾಡಿಗೆ ಕಟ್ಟಿದ ಮೇಲೂ ಕೈಯಲ್ಲಿ ಒಂದಿಷ್ಟು ಉಳಿಯುವ ಸಂಬಳ, ಕತ್ತಲಾಗುವ ಮೊದಲು ಬಿಡುವ ಆಫೀಸು. ಸಿಗದಿದ್ದರೆ ಯಾವ ದಿನ ಹೇಳೋದು ತಪ್ಪಿಸಿದೆ ಅಂತ ಲೆಕ್ಕ ಹಾಕುತ್ತಾ ಕೂರಬೇಡ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಬಾ.

ನಿನ್ನ ಅಪ್ಪ