ಸಹಾಯವಾಣಿಯ ಯಂತ್ರಕ್ಕೆ ಕನ್ನಡದ ಲೆಕ್ಕ ಬರಲಿ

ಮಾನ್ಯರೇ,

ಕರೆಂಟು, ನೀರು, ಗ್ಯಾಸು, ಬ್ಯಾಂಕು, ಯಾವ ಸಹಾಯವಾಣಿಗೆ ಫೋನ್ ಮಾಡಿದರೂ ಈಗ ಮೊದಲು ಮಾತಾಡುವುದು ಯಂತ್ರವೇ. ಅದರ ಕನ್ನಡ ಅರ್ಥವಾಗದಿದ್ದರೆ ತಪ್ಪು ದನಿ ಕೊಟ್ಟವರದಲ್ಲ. ಇಂಗ್ಲಿಷಿಗೆಂದು ಕಟ್ಟಿದ ಚೌಕಟ್ಟಿಗೆ ಮುದ್ರಿಸಿಟ್ಟ ಕನ್ನಡ ದನಿಯ ತುಣುಕು ತುಂಬಿದವರದು.

ಬಿಲ್ಲಿನ ಮೊತ್ತವನ್ನೇ ನೋಡಿ. 2,345 ಎನ್ನಲು ಯಂತ್ರ ‘ಎರಡು, ಸಾವಿರ, ಮೂರು, ನೂರು, ನಲವತ್ತೈದು’ ಎಂದು ಬಿಡಿಬಿಡಿಯಾಗಿ ಜೋಡಿಸುತ್ತದೆ. ನಾವು ಹೇಳುವುದು ‘ಎರಡು ಸಾವಿರದ ಮುನ್ನೂರ ನಲವತ್ತೈದು’. ಸಾಂಪ್ರದಾಯಿಕ ಫೋನ್ ಮಾರ್ಗ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಸಾಗಿಸುವುದರಿಂದ ಬಿಡಿಯಾದ ‘ಮೂರು’, ‘ನೂರು’ ಸುಲಭವಾಗಿ ಅದಲುಬದಲಾಗುತ್ತವೆ. ಇದನ್ನು ಸರಿಪಡಿಸಲು ದೊಡ್ಡ ಖರ್ಚೇನೂ ಬೇಡ. 1ರಿಂದ 99ರವರೆಗೆ 99 ತುಣುಕು, ನೂರರಿಂದ ಒಂಬೈನೂರರವರೆಗೆ ‘ಮುನ್ನೂರು–ಮುನ್ನೂರ’ದಂತೆ ಎರಡೆರಡು, ಅಂದರೆ 18, ‘ಸಾವಿರ’, ‘ಸಾವಿರದ’ ಸೇರಿ ಒಟ್ಟು 119. ಇಷ್ಟರಲ್ಲೇ 99,999ರವರೆಗೆ ಹೇಳಬಹುದು. ಆದರೆ ಅಂಕಿಗಳನ್ನು ವಾಕ್ಯದೊಳಗಿಟ್ಟು ಓದಿಸಿ, ಆಮೇಲೆ ಕತ್ತರಿಸಬೇಕು. ಒಂದೊಂದಾಗಿ ಓದಿಸಿದರೆ ಪ್ರತಿ ಅಂಕಿಗೂ ದನಿ ಇಳಿದು ಮಾತು ಅಲ್ಲಿಗೇ ಮುಗಿದಂತೆ ಕೇಳುತ್ತದೆ.

ಬಾಯಲ್ಲಿ ಉತ್ತರಿಸುವ ವ್ಯವಸ್ಥೆಗಳ ಕಷ್ಟ ಬೇರೆ. ‘ಹೌದು’ ಎನ್ನುವ ಬದಲು ಜನ ‘ಹೂಂ’ ಎನ್ನುತ್ತಾರೆ. ಫೋನಿನಲ್ಲಿ ‘ಊಹೂಂ’ನ ಮೊದಲಕ್ಷರ ನುಂಗಿಹೋದರೆ ಅದೂ ‘ಹೂಂ’ ಆಗುತ್ತದೆ! ಹಣ ಕಡಿತದಂಥ ಪ್ರಶ್ನೆಗಳಿಗೆ ಕೀಲಿ ಒತ್ತಿಸುವುದೇ ಕ್ಷೇಮ. ಉಳಿದ ಕಡೆ ‘ಅಲ್ಲ’ದ ಜತೆ ‘ಇಲ್ಲ’, ‘ಬೇಡ’, ‘ನೋ’ ಕೂಡ ಒಪ್ಪಬೇಕು. ಖಾತೆ ಸಂಖ್ಯೆಯನ್ನಂತೂ ಹೆಚ್ಚಿನವರು ‘ಡಬಲ್ ಫೋರ್ ನೈನ್’ ಎಂದೇ ಹೇಳುವುದು.

ಕೀಲಿ ಒತ್ತುವುದಕ್ಕೂ ಸಮಯ ಬೇಕು. ಸ್ಮಾರ್ಟ್‌ಫೋನನ್ನು ಕಿವಿಯಿಂದ ಇಳಿಸಿ, ಪರದೆ ಬೆಳಗಿ, ಕೀಪ್ಯಾಡ್ ತೆರೆಯುವಷ್ಟರಲ್ಲಿ ಐದು ಸೆಕೆಂಡು ಕಳೆದು, ‘ನೀವು ಯಾವುದನ್ನೂ ಆಯ್ಕೆ ಮಾಡಿಲ್ಲ’ ಎಂಬ ಗದರಿಕೆ ಬರುತ್ತದೆ. ಹತ್ತು ಸೆಕೆಂಡಾದರೂ ಕಾಯಬೇಕು. ‘1 ಒತ್ತಿದರೆ ಬಿಲ್ ವಿವರ’ ಎನ್ನುವ ಬದಲು ‘ಬಿಲ್ ವಿವರಕ್ಕೆ 1’ ಎಂದರೆ ಬೇಕಾದ ವಿಷಯ ಕೇಳಿದ ಮೇಲೆ ಅಂಕಿಯನ್ನಷ್ಟೇ ನೆನಪಿಟ್ಟರೆ ಸಾಕು.

ನಾವು ಹೇಳಿದ್ದು ಯಂತ್ರಕ್ಕೆ ಎರಡು ಸಲ ಅರ್ಥವಾಗದಿದ್ದರೆ ಮೂರನೆಯ ಸಲ ಅದನ್ನೇ ಕೇಳದೆ ಸಿಬ್ಬಂದಿಗೆ ಕರೆ ವರ್ಗಾಯಿಸಲಿ. ಅಷ್ಟರೊಳಗೆ ಒತ್ತಿದ ಖಾತೆ ಸಂಖ್ಯೆ ಅವರ ಪರದೆಯ ಮೇಲೆ ಬಂದಿರಬೇಕು. ಅದಿಲ್ಲದೆ ‘ನಿಮ್ಮ ಖಾತೆ ಸಂಖ್ಯೆ ಹೇಳಿ’ ಎಂದು ಮತ್ತೆ ಶುರುಮಾಡುವುದಾದರೆ, ಮೊದಲು ಯಂತ್ರ ಅದನ್ನು ಕೇಳಿದ್ದಾದರೂ ಯಾಕೆ?

– ದೂರವಾಣಿ ಧ್ವನಿ ವ್ಯವಸ್ಥೆಗಳ ವಿನ್ಯಾಸಕಾರರು, ಮೈಸೂರು